ಕೋಚ್ ಆಗೋಕೆ ಮೊದಲು ಬೇಕಾದ್ದು ಕೋರ್ಸಾ, ಗಿರಾಕಿನಾ? ಸಪ್ತಾಪುರದ ಹುಡುಗರು ಹಾಕಬೇಕಾದ ಒಂದು ಲೆಕ್ಕ

ಧಾರವಾಡ: ಈ ಊರಲ್ಲಿ "ಕೋಚಿಂಗ್" ಅಂದ್ರೆ ಇವತ್ತಿಗೂ ಜನರ ತಲೆಗೆ ಮೊದಲು ಬರೋದು ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಟಿಇಟಿ. ಸಪ್ತಾಪುರ, ಜಯನಗರ, ಶ್ರೀನಗರ ಸರ್ಕಲ್ ಸುತ್ತ ಒಂದು ರೌಂಡ್ ಹೊಡೆದರೆ ಸಾಕು, ಬೋರ್ಡುಗಳೇ ಎಲ್ಲ ಹೇಳ್ತವೆ. ಆದರೆ ಅದೇ ಓಣಿಗಳ ಪಿಜಿ ರೂಮುಗಳಲ್ಲಿ ಮಲಗಿ ಮೊಬೈಲ್ ತಿಕ್ಕುವ ಹುಡುಗರಿಗೆ ಈಗ ಇನ್ನೊಂದು ಥರದ ಕೋಚಿಂಗ್ ಜಾಹೀರಾತು ಬರ್ತಿದೆ. ಅದು ನೌಕರಿ ಪರೀಕ್ಷೆಗೆ ತಯಾರಿ ಮಾಡಿಸುವುದಲ್ಲ. ನಿಮ್ಮನ್ನೇ ಕೋಚ್ ಮಾಡ್ತೀವಿ ಅನ್ನೋದು. ಲೈಫ್ ಕೋಚ್, ಬಿಸಿನೆಸ್ ಕೋಚ್, ಮೈಂಡ್‌ಸೆಟ್ ಕೋಚ್, ರಿಲೇಶನ್‌ಶಿಪ್ ಕೋಚ್. ಡಿಗ್ರಿ ಬೇಕಿಲ್ಲ, ಬಂಡವಾಳ ಬೇಕಿಲ್ಲ, ಆಫೀಸ್ ಬೇಕಿಲ್ಲ, ಕೈಯಲ್ಲಿ ಫೋನ್ ಇದ್ದರೆ ಸಾಕು ಅನ್ನೋದು ಅವುಗಳ ಧಾಟಿ.

ಇದರ ಸಾಮಾನ್ಯ ದಾರಿ ಹೀಗಿರುತ್ತೆ. ಮೊದಲು ನೂರು ರೂಪಾಯಿ ಒಳಗಿನ ಅಥವಾ ಪುಕ್ಕಟೆ ವೆಬಿನಾರ್. ಎರಡು ಮೂರು ತಾಸು ಮಾತು. ಕೊನೆಯ ಅರ್ಧ ತಾಸಿನಲ್ಲಿ ಸಾವಿರಗಳಲ್ಲಿ ಬೆಲೆಯಿರುವ ಕೋರ್ಸು, "ಇವತ್ತು ರಾತ್ರಿ 12ರ ಒಳಗೆ" ಅನ್ನುವ ರಿಯಾಯಿತಿ. ರೊಕ್ಕ ಇಲ್ಲದವರಿಗೆ ಕಂತಿನ ಸಾಲದ ಲಿಂಕ್.

ಕೋಚಿಂಗ್ ಅನ್ನೋದೇ ಮೋಸ ಅಂತ ಹೇಳೋಕಾಗಲ್ಲ. ನಿಜವಾಗಿ ಆ ಕೆಲಸ ಮಾಡಿ ಹೊಟ್ಟೆ ಹೊರೆಯುವವರು ಇದ್ದಾರೆ, ಅವರಿಂದ ಉಪಕಾರ ಆದ ಜನಾನೂ ಇದ್ದಾರೆ. ಪ್ರಶ್ನೆ ಬೇರೆ. ಧಾರವಾಡ ಜಿಲ್ಲೆಯಲ್ಲಿ ಕೂತು ಈ ಉದ್ಯೋಗ ಶುರು ಮಾಡುವ ಹುಡುಗ ಅಥವಾ ಹುಡುಗಿಗೆ ತಿಂಗಳಾ ರೊಕ್ಕ ಕೊಡೋರು ಯಾರು? ಕೋರ್ಸಿಗೆ ರೊಕ್ಕ ಕಟ್ಟುವ ಮುಂಚೆ ಈ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು.

ಯಾಕೆ ಈಗ, ಯಾಕೆ ಇಲ್ಲೇ

ಧಾರವಾಡದ ಪಿಜಿಗಳಲ್ಲಿ ಕಾಯುತ್ತಾ ಕೂತವರ ಕಥೆ ಎಲ್ಲರಿಗೂ ಗೊತ್ತು. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ಆಯ್ತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯ್ತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. 384 ಹುದ್ದೆಗಳ ಕೆಎಎಸ್ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ಆಯ್ತು, ಕನ್ನಡ ಭಾಷಾಂತರದ ತಪ್ಪಿನಿಂದ ಡಿಸೆಂಬರ್ 29ಕ್ಕೆ ಮತ್ತೆ ಬರೆಸಿದರು, ಅದರಲ್ಲೂ ಭಾಷಾಂತರದ ತಕರಾರು ಬಂತು. 2024ರ ಅಕ್ಟೋಬರ್ ಕೊನೆಗೆ, ಒಳಮೀಸಲಾತಿ ತೀರ್ಮಾನ ಆಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ ರಾಜ್ಯ ಸರ್ಕಾರ ಕೈ ಕಟ್ಟಿ ಕೂತಿತು. ನೇಮಕಾತಿ ಮಾಡಿ, ವಯೋಮಿತಿ ಸಡಿಲಿಸಿ ಅಂತ ಉದ್ಯೋಗಾಕಾಂಕ್ಷಿಗಳು ಇದೇ ಧಾರವಾಡದ ಬೀದಿಗಿಳಿದದ್ದೂ ಆಯ್ತು.

ಇಷ್ಟರ ಮಧ್ಯೆ ವಯಸ್ಸು ನಿಲ್ಲಲ್ಲ. 23ಕ್ಕೆ ಬಂದವನು 28 ದಾಟಿರ್ತಾನೆ. ಊರಿಗೆ ಹೋದರೆ ಬಸ್ ಸ್ಟ್ಯಾಂಡಿನಲ್ಲೇ ಯಾರೋ ಒಬ್ಬರು ಹಿಡಿದು ಕೇಳ್ತಾರೆ, "ಏನಪಾ ತಮ್ಮಾ, ಏನ್ ನಡಿಸಿ ಈಗ?" "ಓದಾಕತ್ತೇನ್ರಿ ಕಾಕಾ" ಅನ್ನೋ ಉತ್ತರ ಹೇಳಿ ಹೇಳಿ ಸಾಕಾಗಿರುತ್ತೆ. ಅಂಥವನಿಗೆ "ಕೋಚ್" ಅನ್ನುವ ಪದ ಒಂದು ಹೆಸರು ಕೊಡುತ್ತೆ. ನಿರುದ್ಯೋಗಿ ಅನ್ನಿಸಿಕೊಳ್ಳೋ ಬದಲು ವಿಸಿಟಿಂಗ್ ಕಾರ್ಡ್ ಮಾಡಿಸಬಹುದು. ಐದು ವರ್ಷ ಸೋತ ಅನುಭವವನ್ನೇ ಬೇರೆಯವರಿಗೆ ಪಾಠ ಮಾಡಬಹುದು ಅಂತ ಯಾರೋ ಹೇಳಿದರೆ ಕಿವಿ ನಿಮಿರುತ್ತೆ. ಈ ಜಾಹೀರಾತು ನಾಟುವುದು ಇಲ್ಲೇ. ಅದು ಮಾರುವ ಮೊದಲ ಸರಕು ಮರ್ಯಾದೆ.

ಕೋಚ್ ಅಂದ್ರೆ ಯಾರು, ಯಾರು ಅಲ್ಲ

ಈ ಉದ್ಯೋಗದ ಬೇರು ಆಟದ ಮೈದಾನದಲ್ಲಿದೆ. ಅಮೆರಿಕದ ಟೆನಿಸ್ ತರಬೇತುದಾರ ಟಿಮೋಥಿ ಗಾಲ್ವೇ 1974ರಲ್ಲಿ ಬರೆದ "ದಿ ಇನ್ನರ್ ಗೇಮ್ ಆಫ್ ಟೆನಿಸ್" ಪುಸ್ತಕ, ಆಟಗಾರನಿಗೆ ಹೊರಗಿನ ಎದುರಾಳಿಗಿಂತ ಒಳಗಿನ ಗೊಂದಲವೇ ದೊಡ್ಡದು ಅಂತ ತೋರಿಸಿತು. ಆ ವಿಚಾರ ಕಂಪನಿಗಳ ಒಳಗೆ ಹೋಯ್ತು. ರೇಸ್ ಕಾರ್ ಓಡಿಸುತ್ತಿದ್ದ ಬ್ರಿಟನ್ನಿನ ಜಾನ್ ವಿಟ್ಮೋರ್ 1992ರಲ್ಲಿ ಬರೆದ ಪುಸ್ತಕದಿಂದ ಅದು ಮ್ಯಾನೇಜರುಗಳ ನಡುವೆ ಹರಡಿತು. 1995ರಲ್ಲಿ ಅಮೆರಿಕದಲ್ಲಿ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್, ಚಿಕ್ಕದಾಗಿ ಐಸಿಎಫ್, ಹುಟ್ಟಿತು.

ಕೋಚ್ ಮಾಡುವ ಕೆಲಸ ತಿಳಿಯೋಕೆ ಗರಡಿಮನೆ ನೆನಪು ಮಾಡಿಕೊಂಡರೆ ಸಾಕು. ಕಣಕ್ಕಿಳಿಯೋನು ಪೈಲ್ವಾನ. ಉಸ್ತಾದ್ ಹೊರಗೆ ನಿಂತು ನೋಡ್ತಾನೆ, ಎಲ್ಲಿ ಕಾಲು ಜಾರ್ತಿದೆ ಅಂತ ಅವನೇ ಕಂಡುಕೊಳ್ಳುವ ಹಾಗೆ ಮಾಡ್ತಾನೆ, ನಾಳೆ ಬೆಳಿಗ್ಗೆ ಬಂದೆಯಾ ಇಲ್ವಾ ಅಂತ ಕೇಳ್ತಾನೆ. ಲೈಫ್ ಕೋಚ್ ಕೂಡ ಉತ್ತರ ಹೇಳಿಕೊಡೋನಲ್ಲ. ಪ್ರಶ್ನೆ ಕೇಳಿ, ಎದುರಿನವರು ತಾವೇ ತೀರ್ಮಾನಕ್ಕೆ ಬರುವಂತೆ ಮಾಡಿ, ಆ ತೀರ್ಮಾನದ ಬೆನ್ನು ಹತ್ತುವವನು. ಸಲಹೆ ಕೊಟ್ಟರೆ ಅದು ಕನ್ಸಲ್ಟಂಟ್ ಕೆಲಸ. ತರಗತಿ ತಗೊಂಡರೆ ಟ್ರೇನರ್. ವೇದಿಕೆ ಮೇಲೆ ಹುರುಪು ತುಂಬಿದರೆ ಭಾಷಣಕಾರ. ಮನಸ್ಸಿನ ರೋಗಕ್ಕೆ ಚಿಕಿತ್ಸೆ ಅಂದರೆ ಅದು ವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳ ಕೆಲಸ.

ಯೂಟ್ಯೂಬಿನಲ್ಲಿ ಕೋಚ್ ಅನ್ನಿಸಿಕೊಳ್ಳುವ ಬಹಳಷ್ಟು ಜನ ಮಾಡೋದು ಭಾಷಣ. ಅದನ್ನು ನೋಡಿ "ನಂಗೂ ಮಾತಾಡಾಕ ಬರ್ತದ" ಅಂತ ಈ ಕೆಲಸಕ್ಕೆ ಇಳಿಯುವವರು ಮೊದಲ ದಿನವೇ ಎಡವುತ್ತಾರೆ. ಯಾಕಂದ್ರೆ ಇಲ್ಲಿ ಹೆಚ್ಚು ಬೇಕಾಗೋದು ಬಾಯಲ್ಲ, ಕಿವಿ.

ಲೈಸೆನ್ಸ್ ಬೇಕಿಲ್ಲ, ಅದೇ ಅನುಕೂಲ, ಅದೇ ಅಪಾಯ

ಭಾರತದಲ್ಲಿ ಲೈಫ್ ಕೋಚ್ ಅಥವಾ ಬಿಸಿನೆಸ್ ಕೋಚ್ ಅಂತ ಬೋರ್ಡ್ ಹಾಕೋಕೆ ಯಾವ ಲೈಸೆನ್ಸೂ ಬೇಡ. ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ಲೆಕ್ಕಪರಿಶೋಧಕರಿಗೆ ಅವರ ಸಂಸ್ಥೆ ಇದೆ, ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋಕೆ 1992ರ ಕಾಯ್ದೆ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. ಕೋಚ್‌ಗೆ ಇಂಥದ್ದು ಏನೂ ಇಲ್ಲ. ಹಾಗಾಗಿ ಪಿಯುಸಿ ಆದವರೂ ಶುರು ಮಾಡಬಹುದು, ಡಿಗ್ರಿ ಅರ್ಧಕ್ಕೆ ಬಿಟ್ಟವರೂ ಮಾಡಬಹುದು. ಇದು ಈ ಉದ್ಯೋಗದ ದೊಡ್ಡ ಅನುಕೂಲ.

ಆದರೆ ಇದರ ಇನ್ನೊಂದು ಮುಖ ನೋಡಿ. ಲೈಸೆನ್ಸೇ ಇಲ್ಲ ಅಂದಮೇಲೆ "ಸರ್ಕಾರಿ ಮಾನ್ಯತೆ ಪಡೆದ ಲೈಫ್ ಕೋಚ್ ಸರ್ಟಿಫಿಕೇಟ್" ಅನ್ನೋದಕ್ಕೆ ಏನು ಅರ್ಥ? ಕೆಲವರು ಕಂಪನಿಯ ನೋಂದಣಿ ಪತ್ರ ತೋರಿಸ್ತಾರೆ, ಕೆಲವರು ಉದ್ಯಮ್ ನೋಂದಣಿ ತೋರಿಸ್ತಾರೆ. ಉದ್ಯಮ್ ಅನ್ನೋದು ಸಣ್ಣ ಉದ್ದಿಮೆಗಳ ನೋಂದಣಿ. ಆಧಾರ್, ಪ್ಯಾನ್ ಇಟ್ಟುಕೊಂಡು ಯಾರು ಬೇಕಾದರೂ ಪುಕ್ಕಟೆಯಾಗಿ ಆನ್‌ಲೈನ್‌ನಲ್ಲಿ ಮಾಡಿಕೊಳ್ಳಬಹುದು. ಕಿರಾಣಿ ಅಂಗಡಿಯವರ ಹತ್ತಿರವೂ ಅದು ಇರುತ್ತೆ. ಕಲಿಸುವ ಯೋಗ್ಯತೆಗೂ ಅದಕ್ಕೂ ಸಂಬಂಧ ಇಲ್ಲ.

ಅಂದ್ರೆ ಸರ್ಟಿಫಿಕೇಟ್ ಅನ್ನೋದು ಇಲ್ಲಿ ಬಾಗಿಲು ತೆರೆಯುವ ಕೀಲಿ ಅಲ್ಲ. ಬಾಗಿಲು ಮೊದಲೇ ತೆರೆದಿದೆ. ಒಳಗೆ ಗಿರಾಕಿ ಇದ್ದಾರಾ ಅನ್ನೋದೇ ಪ್ರಶ್ನೆ.

ಆ 75 ತಾಸಿಗೆ ರೊಕ್ಕ ಕೊಡೋರು ಯಾರು?

ಜಗತ್ತಿನಲ್ಲಿ ಹೆಚ್ಚು ಜನ ಒಪ್ಪುವ ಪ್ರಮಾಣಪತ್ರ ಅಂದ್ರೆ ಐಸಿಎಫ್‌ನದ್ದು. ಅದು ಖಾಸಗಿ ಸಂಸ್ಥೆ, ಸರ್ಕಾರದ್ದಲ್ಲ. ಆದರೂ ಅದರ ನಿಯಮ ಒಮ್ಮೆ ಓದಬೇಕು, ಯಾಕಂದ್ರೆ ಈ ಉದ್ಯೋಗ ಏನನ್ನು ಬೇಡುತ್ತೆ ಅಂತ ಅದರಲ್ಲಿ ಕಾಣುತ್ತೆ.

ಮೊದಲ ಹಂತ ಎಸಿಸಿ. ಇದಕ್ಕೆ ಕನಿಷ್ಠ 60 ತಾಸಿನ ತರಬೇತಿ, ಹಿರಿಯ ಕೋಚ್ ಒಬ್ಬರ ಕೈಕೆಳಗೆ 10 ತಾಸು, ಒಂದು ಪರೀಕ್ಷೆ, ಜೊತೆಗೆ 100 ತಾಸು ನಿಜವಾದ ಕೋಚಿಂಗ್ ಅನುಭವ. ಆ 100ರಲ್ಲಿ 75 ತಾಸು ಶುಲ್ಕ ಪಡೆದು ಮಾಡಿದ್ದಾಗಿರಬೇಕು. ಎರಡನೇ ಹಂತ ಪಿಸಿಸಿಗೆ 125 ತಾಸು ತರಬೇತಿ, 500 ತಾಸು ಅನುಭವ, ಅದರಲ್ಲಿ 450 ಶುಲ್ಕದ್ದು. ಕೊನೆಯ ಎಂಸಿಸಿಗೆ 2,500 ತಾಸು. ಪ್ರಮಾಣಪತ್ರವನ್ನು ಮೂರು ವರ್ಷಕ್ಕೊಮ್ಮೆ ನವೀಕರಿಸಲೂ ಬೇಕು.

ಈಗ 90 ದಿನದ, 30 ದಿನದ, ಎರಡು ದಿನದ ಕೋರ್ಸುಗಳನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. 60 ತಾಸಿನ ತರಬೇತಿಯನ್ನು ರೊಕ್ಕ ಕೊಟ್ಟು ಕೊಳ್ಳಬಹುದು. ಆ 75 ತಾಸನ್ನು ಯಾರೂ ಮಾರಲ್ಲ. ಅದಕ್ಕೆ ಎದುರಿಗೆ ಒಬ್ಬ ಮನುಷ್ಯ ಕೂತು, ನಿಮ್ಮ ಮಾತಿಗೆ ಬೆಲೆ ಇದೆ ಅಂತ ತನ್ನ ಜೇಬಿನಿಂದ ಎಷ್ಟಾದರೂ ಕೊಡಬೇಕು. ವಾರಕ್ಕೆ ನಾಲ್ಕು ತಾಸು ಮಾಡಿದರೂ 100 ತಾಸು ಮುಗಿಯೋಕೆ 25 ವಾರ, ಅಂದ್ರೆ ಹೆಚ್ಚು ಕಮ್ಮಿ ಆರು ತಿಂಗಳು. ತಾಸಿಗೆ 500 ರೂಪಾಯಿ ಹಿಡಿದರೆ ಆ 75 ತಾಸಿನ ಒಟ್ಟು ಗಳಿಕೆ 37,500. ಆರು ತಿಂಗಳಿಗೆ ಅಷ್ಟೇ. ಪಿಜಿ ಬಾಡಿಗೆ, ಖಾನಾವಳಿ ಲೆಕ್ಕ ಗೊತ್ತಿದ್ದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ತಿಂಗಳಿಗೆ 20 ಸಾವಿರ ಬೇಕಾದರೆ

ಇನ್ನೊಂದು ಲೆಕ್ಕ ಹಾಕೋಣ. ಇದು ಬರೀ ಉದಾಹರಣೆ, ಅಂಕಿ ಬದಲಾಯಿಸಿ ನೀವೇ ಹಾಕಿಕೊಳ್ಳಬಹುದು. ತಿಂಗಳಿಗೆ 20,000 ರೂಪಾಯಿ ಗಳಿಸಬೇಕು, ಒಂದು ಭೇಟಿಗೆ 500 ರೂಪಾಯಿ ಅಂತಿಟ್ಟುಕೊಳ್ಳಿ. ತಿಂಗಳಿಗೆ 40 ಭೇಟಿ ಆಗಬೇಕು. ಒಬ್ಬ ಗಿರಾಕಿ ತಿಂಗಳಿಗೆ ಎರಡು ಸಲ ಬಂದರೆ ಏಕಕಾಲಕ್ಕೆ 20 ಗಿರಾಕಿಗಳು ಇರಬೇಕು.

ಇಲ್ಲಿಗೆ ಮುಗಿಯಲ್ಲ. ಕೋಚಿಂಗ್ ಅನ್ನೋದು ಹಾಲಿನ ವರ್ತನೆ ಥರ ವರ್ಷಗಟ್ಟಲೆ ನಡೆಯೋದಲ್ಲ. ಕೆಲಸ ಆದಮೇಲೆ ಗಿರಾಕಿ ಹೋಗ್ತಾರೆ, ಹೋಗಲೇಬೇಕು. ಒಬ್ಬರು ಸರಾಸರಿ ಮೂರು ತಿಂಗಳು ಇದ್ದರೆ, 20ರ ಸಂಖ್ಯೆ ಕಾಯ್ದುಕೊಳ್ಳೋಕೆ ಪ್ರತಿ ತಿಂಗಳು ಏಳು ಹೊಸಬರು ಬೇಕು. ವರ್ಷಕ್ಕೆ ಸುಮಾರು 80 ಜನ. ಹತ್ತು ಜನರ ಹತ್ತಿರ ಮಾತಾಡಿದರೆ ಒಬ್ಬರು ಸೇರ್ತಾರೆ ಅಂದುಕೊಂಡರೆ ವರ್ಷಕ್ಕೆ 800 ಜನರ ಹತ್ತಿರ ಮಾತಾಡಬೇಕು. ಹಬ್ಬ, ಅಮಾವಾಸ್ಯೆ, ಭಾನುವಾರ ಬಿಡದೆ ದಿನಕ್ಕೆ ಇಬ್ಬರಿಗಿಂತ ಹೆಚ್ಚು.

ಅಂದ್ರೆ ಕೋಚ್‌ನ ಕೆಲಸದಲ್ಲಿ ಕೋಚಿಂಗ್ ಅರ್ಧ, ಗಿರಾಕಿ ಹುಡುಕುವುದು ಅರ್ಧ. ಎಲ್ಐಸಿ ಏಜೆಂಟರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಮಾತಾಡೋದು ಇಷ್ಟ, ಆದರೆ ಮಂದಿ ಹತ್ತಿರ ಹೋಗಿ ರೊಕ್ಕ ಕೇಳೋಕೆ ಸಂಕೋಚ ಅನ್ನುವವರಿಗೆ ಇದು ಕಷ್ಟದ ಹಾದಿ.

ಬೆಂಗಳೂರಿನ ಕಥೆ ಬೇರೆ. ಅಲ್ಲಿನ ದೊಡ್ಡ ಕಂಪನಿ ತನ್ನ ಮ್ಯಾನೇಜರ್‌ಗೆ ಕೋಚ್ ಗೊತ್ತು ಮಾಡಿದರೆ ಬಿಲ್ ಕಟ್ಟೋದು ಕಂಪನಿ. ಅಲ್ಲಿನ ಕೋಚ್‌ಗಳಲ್ಲಿ ಇಪ್ಪತ್ತು ವರ್ಷ ಅಂಥದ್ದೇ ಕಂಪನಿಯಲ್ಲಿ ದುಡಿದು ಬಂದವರು ಸಿಗ್ತಾರೆ. ಅವರ ಗಳಿಕೆಯ ಅಂಕಿ ತೋರಿಸಿ ಸಪ್ತಾಪುರದ ಹುಡುಗನಿಗೆ ಕೋರ್ಸ್ ಮಾರುವುದು ಸರಿಯಾದ ಹೋಲಿಕೆ ಅಲ್ಲ. ಇಲ್ಲಿ ಗಿರಾಕಿ ತನ್ನ ಸ್ವಂತ ಜೇಬಿಗೆ ಕೈ ಹಾಕಬೇಕು.

ಕೋಚ್‌ಗಳನ್ನು ತಯಾರಿಸುವ ಕೋಚ್

ಇಲ್ಲೊಂದು ಗಂಟು ಇದೆ. ಹೊಸ ಕೋಚ್‌ಗೆ ಗಿರಾಕಿ ಸಿಗದಿದ್ದಾಗ ಅವನಿಗೆ ಸುಲಭವಾಗಿ ಕಾಣುವ ದಾರಿ ಒಂದೇ. ತಾನೂ "ಕೋಚ್ ಆಗೋದು ಹೇಗೆ" ಅನ್ನುವ ಕೋರ್ಸ್ ಮಾರೋದು. ಯಾಕಂದ್ರೆ ಜೀವನ ಸರಿ ಮಾಡಿಕೊಳ್ಳೋಕೆ ತಾಸಿಗೆ 500 ಕೊಡೋಕೆ ಹಿಂದೆ ಮುಂದೆ ನೋಡುವವರೂ ಗಳಿಕೆಯ ಆಸೆಗೆ ಸಾಲ ಮಾಡಿ 50,000 ಕೊಡ್ತಾರೆ.

ಒಬ್ಬ ಕೋಚ್ 30 ಜನರನ್ನು ಕೋಚ್ ಮಾಡ್ತಾನೆ ಅಂತಿಟ್ಟುಕೊಳ್ಳಿ. ಆ 30 ಜನ ಬದುಕಬೇಕಾದರೆ ಒಬ್ಬೊಬ್ಬರೂ ಮತ್ತೆ 30 ಜನರನ್ನು ತರಬೇಕು, ಅಲ್ಲಿಗೆ 900. ಮೂರನೇ ಸುತ್ತಿಗೆ 27,000. ನಾಲ್ಕನೇ ಸುತ್ತಿಗೆ 8,10,000. 2011ರ ಜನಗಣತಿ ಪ್ರಕಾರ ಹುಬ್ಬಳ್ಳಿ-ಧಾರವಾಡ ಎರಡೂ ಸೇರಿ ಜನಸಂಖ್ಯೆ ಸುಮಾರು 9.4 ಲಕ್ಷ. ತೊಟ್ಟಿಲ ಕೂಸಿನಿಂದ ಹಿಡಿದು ಕಟ್ಟೆ ಮೇಲಿನ ಅಜ್ಜನ ತನಕ ಎಲ್ಲರೂ ಕೋಚ್ ಆದರೂ ಐದನೇ ಸುತ್ತಿಗೆ ಊರೇ ಸಾಲಲ್ಲ.

ಇದು ಹೊಸ ಆಟವೇನಲ್ಲ. ಜನರನ್ನು ಸೇರಿಸಿದ್ದಕ್ಕೇ ಕಮಿಷನ್ ಕೊಡುವ ಸರಪಳಿ ಯೋಜನೆಗಳನ್ನು 1978ರ ಕಾಯ್ದೆ ನಿಷೇಧಿಸಿದೆ. 2021ರ ಡಿಸೆಂಬರ್‌ನಲ್ಲಿ ಬಂದ ನೇರ ಮಾರಾಟದ ನಿಯಮಗಳೂ ಪಿರಮಿಡ್ ಯೋಜನೆ ನಡೆಸಬಾರದು ಅಂತ ಹೇಳ್ತವೆ. ಕೋರ್ಸ್ ಮಾರುವ ಎಲ್ಲರೂ ಈ ಕಾಯ್ದೆ ಮುರಿದವರು ಅಂತಲ್ಲ. ಕಲಿಸಿದ್ದಕ್ಕೆ ಶುಲ್ಕ ತಗೊಳ್ಳೋದು ತಪ್ಪಲ್ಲ. ಆದರೆ "ಇನ್ನಿಬ್ಬರನ್ನು ಸೇರಿಸಿ, ನಿಮ್ಮ ಫೀ ವಾಪಸ್ ಬರುತ್ತೆ" ಅನ್ನುವ ಮಾತು ಬಂದ ಕೂಡಲೇ ಎದ್ದು ಬರಬೇಕು. ಮಾರ್ತಿರೋದು ಕೋಚಿಂಗ್ ಅಲ್ಲ ಅಂತ ಅಲ್ಲಿಗೆ ಖಾತ್ರಿ ಆಯ್ತು.

2023ರ ಕೊನೆಗೆ ಹಿಂದಿ ಯೂಟ್ಯೂಬಿನ ಇಬ್ಬರು ದೊಡ್ಡ ಪ್ರೇರಣಾ ಭಾಷಣಕಾರರ ನಡುವೆ ಇದೇ ವಿಷಯಕ್ಕೆ ಬಹಿರಂಗ ಜಗಳ ಆಯ್ತು. ಬಿಸಿನೆಸ್ ಕೋರ್ಸ್ ಕೊಂಡ ಹುಡುಗರಿಗೆ ಅದೇ ಕೋರ್ಸ್ ಮಾರುವ ಕೆಲಸ ಹಚ್ಚಲಾಗ್ತಿದೆ ಅಂತ ಒಬ್ಬರು ಆರೋಪಿಸಿದರು, ಇನ್ನೊಬ್ಬರು ಅದನ್ನು ಅಲ್ಲಗಳೆದರು. ಯಾರು ಸರಿ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಆ ಪ್ರಶ್ನೆ ಎದ್ದ ಮೇಲೂ ಅದನ್ನು ಕೇಳದೆ ರೊಕ್ಕ ಕಟ್ಟಬಾರದು ಅನ್ನೋದು ಮುಖ್ಯ.

ದುರ್ಗದಬೈಲಿನ ಸಾವಕಾರರು ಕೇಳುವ ಮೊದಲ ಪ್ರಶ್ನೆ

ಬಿಸಿನೆಸ್ ಕೋಚಿಂಗ್‌ಗೆ ಹುಬ್ಬಳ್ಳಿಗಿಂತ ಒಳ್ಳೆ ಊರು ಬೇಕಾ ಅಂತ ಕೆಲವರು ವಾದ ಮಾಡ್ತಾರೆ. ವ್ಯಾಪಾರದ ಊರು, 1928ರಿಂದ ವಾಣಿಜ್ಯೋದ್ಯಮ ಸಂಸ್ಥೆ ಇದೆ, ಗೋಕುಲ ರಸ್ತೆ, ತಾರಿಹಾಳದಲ್ಲಿ ಸಣ್ಣ ಕೈಗಾರಿಕೆಗಳಿವೆ. ಮಾತು ನಿಜ. ಆದರೆ ದುರ್ಗದಬೈಲಿನ ಒಂದು ಅಂಗಡಿಗೆ 26ರ ಹುಡುಗ ಹೋಗಿ, "ಸಾವಕಾರ್ರ, ನಿಮ್ಮ ವ್ಯಾಪಾರ ಬೆಳಸಾಕ ನಾ ಕೋಚಿಂಗ್ ಕೊಡ್ತೀನ್ರಿ" ಅಂತ ಅಂದ ಅಂದುಕೊಳ್ಳಿ. ಸಾವಕಾರರು ಸಿಟ್ಟಾಗಲ್ಲ. ಚಾ ತರಿಸ್ತಾರೆ. ಆಮೇಲೆ ಕೇಳ್ತಾರೆ, "ನೀ ಎಷ್ಟು ವರ್ಷ ಅಂಗಡಿ ನಡಸಿ ತಮ್ಮಾ?"

ಆ ಪ್ರಶ್ನೆಗೆ ಉತ್ತರ ಇದ್ದವನಿಗೆ ಕೆಲಸ ಇದೆ. ಅಂಗಡಿಯವರ ತಲೆನೋವು ಯಾವುದು? ಉದ್ರಿ ವಸೂಲಿ, ಕೂತ ಸ್ಟಾಕು, ಜಿಎಸ್‌ಟಿ, ಆನ್‌ಲೈನ್ ಪೈಪೋಟಿ, ಕೆಲಸಕ್ಕೆ ನಿಲ್ಲದ ಹುಡುಗರು, ಅಪ್ಪ-ಮಗನ ಜಗಳ. ಇದರಲ್ಲಿ ಒಂದನ್ನು ಮೂರು ತಿಂಗಳಲ್ಲಿ ಕಣ್ಣಿಗೆ ಕಾಣುವಷ್ಟು ಕಡಿಮೆ ಮಾಡಿಕೊಟ್ಟರೆ ವ್ಯಾಪಾರಸ್ಥರು ರೊಕ್ಕ ಕೊಡ್ತಾರೆ. "ಮೈಂಡ್‌ಸೆಟ್" ಅಂದರೆ ಕೊಡಲ್ಲ. ಐದು ವರ್ಷ ಮೆಡಿಕಲ್ ಏಜೆನ್ಸಿಯಲ್ಲಿ ವಸೂಲಿ ನೋಡಿಕೊಂಡ ಹುಡುಗ, ಅಕೌಂಟ್ಸ್ ಬರೆದ ಹುಡುಗಿ, ಅಂಗಡಿಯ ಸರಕನ್ನು ಇನ್‌ಸ್ಟಾಗ್ರಾಂನಲ್ಲಿ ಮಾರಿ ತೋರಿಸಿದವರು, ಇವರಿಗೆ ಕೋಚ್ ಅನ್ನುವ ಹೆಸರು ಆಮೇಲೆ ಬಂದರೂ ನಡೆಯುತ್ತೆ.

ಇನ್ನೊಂದು ವಿಷಯ. ಹೊಸ ಉದ್ಯಮ ಶುರು ಮಾಡುವವರಿಗೆ ಈ ಜಿಲ್ಲೆಯಲ್ಲಿ ಪುಕ್ಕಟೆ ಮಾರ್ಗದರ್ಶನ ಮೊದಲಿನಿಂದ ಇದೆ. ರಾಜ್ಯ ಸರ್ಕಾರದ ಸಿಡಾಕ್ ಕೇಂದ್ರ ಕಚೇರಿ ಇರುವುದೇ ಧಾರವಾಡದಲ್ಲಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲಿ ತರಬೇತಿ, ಊಟ, ವಸತಿ ಎಲ್ಲ ಉಚಿತ, ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನು ಹತ್ತಿ ವಿಚಾರಿಸ್ತಾರೆ. ಜಿಲ್ಲಾ ಕೈಗಾರಿಕಾ ಕೇಂದ್ರವೂ ಇದೆ. ಕೋಚ್ ಆಗುವವರು ಇವುಗಳಿಗಿಂತ ತಾವು ಹೆಚ್ಚಿಗೆ ಏನು ಕೊಡ್ತೀವಿ ಅಂತ ಯೋಚಿಸಬೇಕು. ಕಲಿಯುವ ಆಸೆ ಇದ್ದವರು ಮೊದಲು ಇಲ್ಲಿಗೆ ಹೋಗಿ ಕೂತು ನೋಡಿದರೆ ಖರ್ಚಿಲ್ಲದೆ ಅರ್ಧ ಪಾಠ ಆಗುತ್ತೆ.

ಎದುರಿಗೆ ಕೂತವರು ಅಳೋಕೆ ಶುರು ಮಾಡಿದರೆ

ಲೈಫ್ ಕೋಚ್ ಅಂತ ಬೋರ್ಡ್ ಹಾಕಿದ ಮೇಲೆ ಗುರಿ, ಟೈಮ್‌ಟೇಬಲ್ ಅಂತ ಬರೋರಷ್ಟೇ ಬರಲ್ಲ. ನಿದ್ದೆ ಇಲ್ಲದವರು, ಕುಡಿತಕ್ಕೆ ಬಿದ್ದವರು, ಮನೆಯಲ್ಲಿ ಹೊಡೆತ ತಿನ್ನುವವರು, ಬದುಕು ಸಾಕು ಅನ್ನಿಸಿದವರು ಬರ್ತಾರೆ. ಪರೀಕ್ಷೆ ಫಲಿತಾಂಶ ಬಂದ ವಾರ ಸಪ್ತಾಪುರದಲ್ಲಿ ಬೋರ್ಡ್ ಹಾಕಿ ಕೂತರೆ ಅಂಥವರೇ ಮೊದಲು ಬಂದಾರು. ಎರಡು ದಿನದ ಕೋರ್ಸ್ ಮಾಡಿದವರು ಅಂಥವರಿಗೆ "ಪಾಸಿಟಿವ್ ಆಗಿ ಯೋಚನೆ ಮಾಡು" ಅಂದರೆ ಅಲ್ಲಿ ರೊಕ್ಕಕ್ಕಿಂತ ದೊಡ್ಡದು ಹೋಗಬಹುದು.

ಒಳ್ಳೆ ಕೋಚ್‌ಗೆ ಬೇಕಾದ ಮೊದಲ ವಿದ್ಯೆ ಇದು ನನ್ನ ಕೆಲಸ ಅಲ್ಲ ಅಂತ ಗುರುತು ಹಿಡಿಯೋದು. ಈ ವಿಷಯದಲ್ಲಿ ಧಾರವಾಡ ಪುಣ್ಯದ ಊರು. ಡಿಮ್ಹಾನ್ಸ್ ಇಲ್ಲೇ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ತಾಸೂ ಪುಕ್ಕಟೆಯಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕೋರ್ಸ್ ಕಲಿಸುವವರು ಈ ಗೆರೆ ಎಲ್ಲಿದೆ ಅಂತ ಹೇಳಿಕೊಡ್ತಾರಾ? ಇಲ್ಲ ಅಂದರೆ, ಅಥವಾ ಖಿನ್ನತೆ ವಾಸಿ ಮಾಡೋದನ್ನೂ ಕಲಿಸ್ತೀವಿ ಅಂದರೆ, ಅಂಥ ಕಡೆ ಸೇರಬಾರದು.

ರೊಕ್ಕ ಕಟ್ಟುವ ಮುಂಚೆ

ಇಷ್ಟೆಲ್ಲ ತಿಳಿದ ಮೇಲೂ ಕೆಲವರಿಗೆ ಇದೇ ಕೆಲಸ ಬೇಕು ಅನ್ನಿಸಬಹುದು, ತಪ್ಪೇನಿಲ್ಲ. ಅಂಥವರಿಗೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಕೋರ್ಸ್ ಸೇರುವ ಮುಂಚೆ ಗೊತ್ತಿರುವ ಐದು ಜನರನ್ನು ಹಿಡಿದು, ಎರಡು ತಿಂಗಳು ವಾರಕ್ಕೊಂದು ತಾಸು ಕೂತು ನೋಡಿ. ವಿಷಯ ಒಂದೇ ಇರಲಿ, ನೀವು ನಿಜವಾಗಿ ಮಾಡಿ ತಿಳಿದದ್ದು. ಎರಡು ತಿಂಗಳ ಆಮೇಲೆ "ಮುಂದಿನ ಸಲದಿಂದ 200 ರೂಪಾಯಿ" ಅಂತ ಹೇಳಿ. ಐವರಲ್ಲಿ ಇಬ್ಬರಾದರೂ ರೊಕ್ಕ ಕೊಟ್ಟು ಮುಂದುವರಿದರೆ ನಿಮ್ಮಲ್ಲಿ ಏನೋ ಇದೆ, ಆಗ ತರಬೇತಿಗೆ ಖರ್ಚು ಮಾಡಬಹುದು. ಐವರೂ ಜಾರಿಕೊಂಡರೆ ಸಾವಿರಾರು ರೂಪಾಯಿ ಉಳಿಯಿತು ಅಂತ ತಿಳಿಯಬೇಕು.

ಕೋರ್ಸ್ ಮಾರುವವರನ್ನು ಕೇಳಬೇಕಾದ ಪ್ರಶ್ನೆಗಳು ನಾಲ್ಕೇ ನಾಲ್ಕು:

- ನಿಮ್ಮ ಗಳಿಕೆಯಲ್ಲಿ ಗಿರಾಕಿಗಳಿಗೆ ಕೋಚಿಂಗ್ ಕೊಟ್ಟು ಬಂದದ್ದು ಎಷ್ಟು, ಕೋರ್ಸ್ ಮಾರಿ ಬಂದದ್ದು ಎಷ್ಟು?
- ಎರಡು ವರ್ಷದ ಹಿಂದೆ ಕಲಿತ ಐದು ಜನರ ಹತ್ತಿರ ಮಾತಾಡಿಸ್ತೀರಾ? ಅವರು ಈಗ ಬೇರೆ ಕೋಚ್‌ಗಳಿಗಲ್ಲ, ಯಾವ ಗಿರಾಕಿಗಳಿಗೆ ಕೆಲಸ ಮಾಡ್ತಿದ್ದಾರೆ?
- ನಾ ಕೋಚಿಂಗ್ ಮಾಡುವಾಗ ಯಾರಾದರೂ ಹಿರಿಯರು ಕೂತು ಕೇಳಿ ತಪ್ಪು ತಿದ್ದುತ್ತಾರಾ? ಎಷ್ಟು ತಾಸು?
- ಬಿಟ್ಟರೆ ಎಷ್ಟು ದಿನದೊಳಗೆ ಎಷ್ಟು ರೊಕ್ಕ ವಾಪಸ್? ಬರವಣಿಗೆಯಲ್ಲಿ ಕೊಡ್ತೀರಾ?

ಕಂತಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. "ಇಎಂಐ" ಅಂತ ಒತ್ತುವ ಬಟನ್ ಬಹಳ ಸಲ ಬೇರೊಂದು ಹಣಕಾಸು ಕಂಪನಿಯ ಸಾಲ. ಕೋರ್ಸ್ ಬಿಟ್ಟರೂ ಸಾಲ ಬಿಡಲ್ಲ, ಸಿಬಿಲ್ ಕೆಡುತ್ತೆ. ಆರ್‌ಬಿಐ ನಿಯಮದಂತೆ ಡಿಜಿಟಲ್ ಸಾಲದಿಂದ ದಂಡ ಇಲ್ಲದೆ ಹೊರಬರೋಕೆ ಒಂದು ಚಿಕ್ಕ ಅವಧಿ ಇರಲೇಬೇಕು, ಅದು ಸಾಲದ ಪತ್ರದಲ್ಲಿ ಬರೆದಿರಬೇಕು. ಸಹಿಗೆ ಮುಂಚೆ ಅದನ್ನು ಓದಬೇಕು. ಯುವನಿಧಿಯಲ್ಲಿ ಪದವೀಧರರಿಗೆ ಬರುವುದು ತಿಂಗಳಿಗೆ 3,000, ಅದೂ ಗರಿಷ್ಠ ಎರಡು ವರ್ಷ. 60,000ದ ಕೋರ್ಸನ್ನು 12 ಕಂತಿಗೆ ಹಾಕಿದರೆ ಬಡ್ಡಿ ಬಿಟ್ಟೇ ತಿಂಗಳಿಗೆ 5,000. ಉಳಿದ 2,000 ಅಪ್ಪನ ಹತ್ತಿರ ಕೇಳಬೇಕು.

ಈಗಾಗಲೇ ಕಟ್ಟಿ ಸಿಕ್ಕಿಹಾಕಿಕೊಂಡವರಿಗೂ ದಾರಿ ಇದೆ. ಸುಳ್ಳು ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಕೇಂದ್ರ ಪ್ರಾಧಿಕಾರ 10 ಲಕ್ಷದ ತನಕ ದಂಡ ಹಾಕಬಹುದು. ಕೋಚಿಂಗ್ ಸೆಂಟರುಗಳ ಜಾಹೀರಾತಿಗಂತಲೇ 2024ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿ ಮುಖ್ಯವಾಗಿ ಓದಿನ ಕೋಚಿಂಗ್ ಬಗ್ಗೆ ಇದೆ. ಲೈಫ್ ಕೋಚ್‌ಗಳ ಹೆಸರು ಅದರಲ್ಲಿಲ್ಲ, ಆದರೆ ಗ್ರಾಹಕ ಕಾಯ್ದೆ ರೊಕ್ಕಕ್ಕೆ ಕೊಡುವ ಎಲ್ಲ ಸೇವೆಗೂ ಅನ್ವಯ. ಮೊದಲು 1915ಕ್ಕೆ ಕರೆ ಮಾಡಬಹುದು. ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬೇಕು. ಕೋರ್ಸ್ ಮಾರಿದವರು ದಿಲ್ಲಿಯಲ್ಲಿದ್ದರೂ ದೂರುದಾರರು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ರೊಕ್ಕ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ವೆಬಿನಾರ್‌ನ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತು, ರೊಕ್ಕ ಕಟ್ಟಿದ ರಸೀದಿ ಅಳಿಸದೆ ಇಟ್ಟುಕೊಂಡಿರಬೇಕು, ಅಷ್ಟೇ.

ಧಾರವಾಡಕ್ಕೆ ಪರೀಕ್ಷೆ ಬರೆಯೋಕೆ ಬಂದು ವರ್ಷಗಟ್ಟಲೆ ಕಾದವರಿಗೆ ಕೆಲಸ ಬೇಕು, ಮರ್ಯಾದೆಯೂ ಬೇಕು. ಎರಡನ್ನೂ ಒಂದೇ ಪ್ಯಾಕೆಟ್‌ನಲ್ಲಿ ಹಾಕಿ ರಾತ್ರಿ 12ರ ಒಳಗೆ ತಗೊಳ್ಳಿ ಅನ್ನುವವರು ಇನ್ನೂ ಬರ್ತಾನೇ ಇರ್ತಾರೆ. ಅವಸರ ಅವರದ್ದು. ಒಂದು ರಾತ್ರಿ ಮಲಗಿ, ಬೆಳಿಗ್ಗೆ ಎದ್ದು, ಐದು ಜನರ ಹೆಸರು ಒಂದು ಹಾಳೆಯಲ್ಲಿ ಬರೆದು ನೋಡಿ, ತಿಂಗಳಿಗೆ 200 ರೂಪಾಯಿಯಾದರೂ ಕೊಟ್ಟು ನಿಮ್ಮ ಮಾತು ಕೇಳುವವರ ಹೆಸರು. ಹಾಳೆ ತುಂಬಿದರೆ ಕೆಲಸ ಶುರು ಮಾಡಿ, ಕೋರ್ಸ್ ಆಮೇಲೆ ನೋಡಿದರಾಯ್ತು.